ಪಾಯಿಂಟ್ ಟೂ-ಟೂ ತೋಟಾ ಎಷ್ಟಕ್ಕೆ ಸಾಕು?

ಹಾವೇರಿಯಲ್ಲಿ ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದಾಗಲೆಲ್ಲ ಮಾವನದು ಒಂದೇ ಪ್ರಶ್ನೆ: ‘ನಿನ್ನ ಪಾಯಿಂಟ್ ಟೂ-ಟೂ ಸಾಕಲ್ವಾ?’ ಅಂದರೆ 0.22 ಇಂಚು ಅಳತೆಯ ಸಣ್ಣ ಗುಂಡಿನ ರೈಫಲ್. ಸಾಲದು. ಅದರ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಹಂದಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಇಲ್ಲದೆ ಕಾಡುಹಂದಿ ಹೊಡೆದರೆ ಅಪರಾಧ.

ಬೇಟೆಗೆ ಪರವಾನಗಿ ಕೊಡುವ ಅಮೆರಿಕದಂಥ ದೇಶಗಳಲ್ಲಿ ಲಾಂಗ್ ರೈಫಲ್ ತೋಟಾ, ಅಂದರೆ ಮಾಮೂಲಿ ಪಾಯಿಂಟ್ ಟೂ-ಟೂ, ಮೊಲ, ಅಳಿಲಿಗೆ. ಅದೂ 50-60 ಮೀಟರ್ ಒಳಗೆ. ಅದಕ್ಕಿಂತ ಉದ್ದದ, ಜೋರಿನ ಪಾಯಿಂಟ್ ಟೂ-ಟೂ ಮ್ಯಾಗ್ನಂ ಇನ್ನೂ ಸ್ವಲ್ಪ ದೂರಕ್ಕೆ. ನರಿ ಗಾತ್ರದ ಪ್ರಾಣಿಗೆ ಇನ್ನೂ ಜೋರಿನ ತೋಟಾಗಳಾದ ಹಾರ್ನೆಟ್ ಅಥವಾ ಟೂ-ಟೂ-ತ್ರೀ.

ನಮಗೆ ಇಲ್ಲಿ ಗುರಿ ಅಭ್ಯಾಸದ ರೇಂಜೇ ಗತಿ. ಯಾವ ತೋಟಾ ಹಾಕಬೇಕೆಂದು ನಳಿಗೆಯ ಮೇಲೆ ಕೊರೆದ ಅಕ್ಷರ ಮೊದಲು ಓದಿ, ಆಮೇಲೆ ತೋಟಾ ಡಬ್ಬಿ ತೆರೆಯಿರಿ. ಲಾಂಗ್ ರೈಫಲ್ ತೋಟಾ ಮ್ಯಾಗ್ನಂ ಬಂದೂಕಿನೊಳಗೆ ಸಡಿಲವಾಗಿ ಕೂರುತ್ತದೆ. ಹೊಡೆದರೆ ತೋಟಾದ ಹಿತ್ತಾಳೆ ಕವಚ ಸೀಳಬಹುದು. ಪೇಪರ್ ಗುರಿಗೆ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಮಾನ್ಯ ವೇಗದ ತೋಟಾ ಸಾಕು, ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದದ ವೇಗಕ್ಕಿಂತ ಕಡಿಮೆ. ಹೈ ವೆಲಾಸಿಟಿಗೆ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ಒಮ್ಮೆ ಧಾರವಾಡದಲ್ಲಿ ಸ್ಪರ್ಧೆಯ ದಿನ ಸ್ಟ್ಯಾಂಡರ್ಡ್, ಹೈ ವೆಲಾಸಿಟಿ ಎರಡೂ ಬಗೆಯ ತೋಟಾ ನನ್ನ ಜೇಬಿನಲ್ಲಿ ಕಲಸಿಹೋಗಿದ್ದವು. 50 ಮೀಟರ್ ಗುರಿಯಲ್ಲಿ ಮೇಲೊಂದು ಗುಂಪು, ಕೆಳಗೊಂದು ಗುಂಪು ತೂತು. ಈಗ ಡಬ್ಬಿಯಿಂದ ನೇರ ಬಂದೂಕಿಗೆ.