ಪೇಪರ್ ಕಳಿಸುವ ಮೊದಲು

ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೈಡ್ ಆಗಿರುವ ನಾನು, ಸಂಶೋಧನಾ ಪೇಪರ್ ಯಾವ ಜರ್ನಲ್‌ಗೆ ಹೋಗಬೇಕೆಂಬುದನ್ನು ಅವರ ಜೊತೆ ಕೂತೇ ತೀರ್ಮಾನಿಸುತ್ತೇನೆ. ನಂಬಬಹುದಾದ ಜರ್ನಲ್‌ಗಳೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ತಂದ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದಾಗ ಹಲವರು ಕಂಗಾಲಾದರು. ಆದರೆ ಪಟ್ಟಿ ಇದ್ದಾಗಲೂ ಅದರಲ್ಲಿನ ಜರ್ನಲ್‌ಗಳ ಹೆಸರು, ಐಎಸ್‌ಎಸ್‌ಎನ್ (ಜರ್ನಲ್‌ಗೆ ಕೊಡುವ ಸಂಖ್ಯೆ) ಕದ್ದು ನಕಲಿ ವೆಬ್‌ಸೈಟ್ ತೆರೆದವರಿದ್ದರು. ಹಾಗಾಗಿ ನಮ್ಮ ಪರೀಕ್ಷೆ ನಾವು ಮಾಡಲೇಬೇಕು.

ತದಡಿ ಹತ್ತಿರ ಅಘನಾಶಿನಿ ಅಳಿವೆಯ ಬಳಚಿನ (ತಿನ್ನುವ ಚಿಪ್ಪುಜೀವಿ) ಮೇಲೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಗೆ ವಾಟ್ಸಾಪ್‌ನಲ್ಲಿ ಒಂದು ಜರ್ನಲ್‌ನ ಆಹ್ವಾನ ಬಂತು. "ಏಳು ದಿನದಲ್ಲಿ ಹಾಕ್ತಾರಂತೆ ಸರ್, ಐಎಸ್‌ಎಸ್‌ಎನ್ ಕೂಡ ಇದೆ" ಅಂದಳು. ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇಬ್ಬರೂ ಕೂತು ಅದರ ಹಿಂದಿನ ಸಂಚಿಕೆ ತೆರೆದೆವು. ಕಾಂಕ್ರೀಟು, ವಚನ ಸಾಹಿತ್ಯ, ಸಕ್ಕರೆ ಕಾಯಿಲೆ, ಮಾರುಕಟ್ಟೆ ಎಲ್ಲ ಒಂದೇ ಕಡೆ. ಒಂದು ಲೇಖನದ ಡಿಒಐ (ಲೇಖನದ ಶಾಶ್ವತ ಆನ್‌ಲೈನ್ ಕೊಂಡಿ) ಒತ್ತಿದರೆ ಏನೂ ತೆರೆಯಲಿಲ್ಲ. ಸಂಪಾದಕ ಮಂಡಳಿಯಲ್ಲಿದ್ದ ಪ್ರಾಧ್ಯಾಪಕರೊಬ್ಬರ ಇಮೇಲನ್ನು ಅವರ ವಿಶ್ವವಿದ್ಯಾಲಯದ ಪುಟದಿಂದಲೇ ಹುಡುಕಿ ಬರೆದೆವು. ಜರ್ನಲ್ ಕೊಟ್ಟ ವಿಳಾಸಕ್ಕೆ ಬರೆದರೆ ಉತ್ತರಿಸುವವರು ಜರ್ನಲ್‌ನವರೇ ಆಗಿರಬಹುದು. ತಮ್ಮನ್ನು ಕೇಳದೆಯೇ ಹೆಸರು ಹಾಕಿದ್ದಾರೆ ಎಂದು ಅವರು ಉತ್ತರಿಸಿದರು. ಅಲ್ಲಿಗೆ ಆ ವಿಚಾರ ಮುಗಿಯಿತು.

ಇಂಥ ಜರ್ನಲ್‌ಗಳಿಗೆ ತೆರುವ ಹಣಕ್ಕಿಂತ ನನಗೆ ದೊಡ್ಡ ಚಿಂತೆ ಡೇಟಾದ್ದು. ಇಂಥಲ್ಲಿ ಒಮ್ಮೆ ಅಚ್ಚಾದರೆ ಅದನ್ನೇ ಬೇರೆಡೆ ಕಳಿಸುವುದು ದ್ವಿಪ್ರಕಟಣೆಯಾಗುತ್ತದೆ. ಪೇಪರ್ ಹಿಂದಕ್ಕೆ ಕೇಳಿದರೆ ಅದಕ್ಕೂ ದುಡ್ಡು ಕೇಳುವವರಿದ್ದಾರೆ. ಇಳಿತದ ಹೊತ್ತಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಎಣಿಸಿದ ಹುಡುಗಿಯ ಶ್ರಮ ಹೀಗೆ ಹಾಳಾಗಬಾರದು. ನಾಳೆ ಅಳಿವೆಯ ಬಗ್ಗೆ ನಿರ್ಧಾರ ತೆಗೆದುಕೊಳ್ಳುವವರಿಗೆ ಆ ಅಂಕಿಗಳು ನಂಬುವಂತಿರಬೇಕು.

ಲೇಖಕರ ಹೆಸರುಗಳನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡುತ್ತೇವೆ. ಕೆಲಸ ಮಾಡಿ, ಬರವಣಿಗೆಯಲ್ಲಿ ಪಾಲ್ಗೊಂಡು, ಕೊನೆಯ ಪ್ರತಿ ಒಪ್ಪಿ, ತಪ್ಪಿದ್ದರೆ ಉತ್ತರ ಕೊಡಲು ಸಿದ್ಧರಿರುವವರೇ ಲೇಖಕರು. ಹುದ್ದೆ ದೊಡ್ಡದೆಂಬ ಕಾರಣಕ್ಕೆ ಯಾರ ಹೆಸರೂ ಸೇರುವುದಿಲ್ಲ. ಬಳಚು ಸಿಗುವ ಜಾಗ ತೋರಿಸಿದ ಹೆಂಗಸರಿಗೆ ಕೃತಜ್ಞತೆ ಹೇಳಿದ್ದೇವೆ, ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ. 2018ರ ಯುಜಿಸಿ ನಿಯಮದಲ್ಲಿ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅಷ್ಟು ಕದಿಯಬಹುದೆಂದು ಅದರರ್ಥವಲ್ಲ, ಹೋಲಿಕೆ ಹುಡುಕುವ ಸಾಫ್ಟ್‌ವೇರ್ ವರದಿಯ ಸಾಲುಸಾಲನ್ನೂ ಓದುತ್ತೇವೆ.

ಪೇಪರ್ ಕೊನೆಗೆ ವಿಜ್ಞಾನ ಸಂಘವೊಂದರ ಜರ್ನಲ್‌ಗೆ ಹೋಯಿತು. ತಿಂಗಳುಗಳ ನಂತರ ವಿಮರ್ಶಕರ ಪ್ರಶ್ನೆಗಳು ಬಂದಿವೆ: ಸಣ್ಣ ಬಳಚುಗಳನ್ನು ಬೇರೆಯಾಗಿ ಎಣಿಸಿದ್ದೀರಾ, ಮಳೆಗಾಲದ ಮಾದರಿ ಯಾಕೆ ಕಡಿಮೆ? ಎರಡೂ ಸರಿಯಾದ ಪ್ರಶ್ನೆ. ಈಗ ಅವುಗಳಿಗೆ ಉತ್ತರ ಬರೆಯುತ್ತಿದ್ದೇವೆ.