ಡಿಕ್ಕಿಯ ಎರಡನೇ ಬ್ಯಾಟರಿ: ತುಂಬುವ ದಾರಿ ಮೊದಲು, ಸೈಜ್ ಆಮೇಲೆ

ಮೇಲುಕೋಟೆ ಬೆಟ್ಟದ ಕೆಳಗೆ ನೆಂಟರ ತೆಂಗಿನ ತೋಟದಲ್ಲಿ ಟೆಂಟ್ ಹಾಕಿದ್ದೆವು. ಅಪ್ಪನ ಇನ್ಸುಲಿನ್ ಇಡಲು ಹೊಸದಾಗಿ ತಂದಿದ್ದ 12 ವೋಲ್ಟ್ ಫ್ರಿಜ್ಜನ್ನು ಜೀಪಿನ ಹಿಂದಿನ ಸಾಕೆಟ್‌ಗೆ ಸಿಕ್ಕಿಸಿ ಮಲಗಿದೆವು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಲಿಲ್ಲ. ಬರೀ ಟಕ್ ಟಕ್ ಸದ್ದು. ಪಕ್ಕದ ಗದ್ದೆಯ ರೈತರು ಬಂದು ಬಾನೆಟ್ ಒಳಗೆ ಇಣುಕಿ, "ಬ್ಯಾಟ್ರಿ ಕೂತೋಗದೆ ಸಾ, ಇರಿ, ಟ್ರಾಕ್ಟ್ರು ತತ್ತೀನಿ" ಅಂದರು. ಟ್ರಾಕ್ಟರ್ ಬ್ಯಾಟರಿಯಿಂದ ವೈರ್ ಕೊಟ್ಟ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಆದರೆ ಫ್ರಿಜ್ ರಾತ್ರಿ ಯಾವ ಹೊತ್ತಿಗೆ ನಿಂತಿತ್ತೋ, ಔಷಧಿ ಡಬ್ಬಿ ಬೆಚ್ಚಗಾಗಿತ್ತು. ಬಳಸಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕಾಯಿತು.

ಗಾಡಿಗೆ ಕಂಪನಿ ಕೊಡುವ ಬ್ಯಾಟರಿ ಇರುವುದು ಸೆಲ್ಫ್ ಹೊಡೆಯಲಿಕ್ಕೆ. ಅದರೊಳಗೆ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ. ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು, ತಕ್ಷಣ ಮತ್ತೆ ತುಂಬಿಕೊಳ್ಳುವುದು ಅದರ ಕೆಲಸ. ರಾತ್ರಿಯಿಡೀ ನಿಧಾನವಾಗಿ ಹೀರಿದರೆ ಆ ಪ್ಲೇಟುಗಳು ಬೇಗ ಹಾಳಾಗುತ್ತವೆ. ಅದಕ್ಕೇ ಕ್ಯಾಂಪಿಂಗ್‌ಗೆ ಬೇರೆ ಬ್ಯಾಟರಿ ಬೇಕು.

ಮೊದಲು ಹೊರಹರಿವಿನ ಲೆಕ್ಕ

ಮಳೆಗಾಲದಲ್ಲಿ ಮೈಸೂರು, ಮಂಡ್ಯದವರು ಪೇಪರ್ ತೆಗೆದ ಕೂಡಲೇ ಹುಡುಕುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬ್ಯಾಟರಿಗೂ ಇದೇ ಲೆಕ್ಕ ಹಾಕಿ. ಅಂಗಡಿಗೆ ಹೋಗುವ ಮೊದಲೇ ಹಾಕಿ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. 40 ಲೀಟರ್ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಆದರೆ ಕಂಪ್ರೆಸರ್ ಸದಾ ಓಡುವುದಿಲ್ಲ. ನಮ್ಮ ಕಡೆಯ ಸೆಕೆಗೆ 24 ಗಂಟೆಗೆ 40 ಆಂಪಿಯರ್ ಅವರ್ ಎಂದು ಇಟ್ಟುಕೊಳ್ಳಿ (ಒಂದು ಆಂಪಿಯರ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪಿಯರ್ ಅವರ್). 5 ವಾಟ್‌ನ ಎಲ್‌ಇಡಿ ದೀಪ ಐದು ಗಂಟೆ ಉರಿದರೆ 2. ಸಣ್ಣ ಫ್ಯಾನ್ ರಾತ್ರಿಯಿಡೀ ತಿರುಗಿದರೆ 8. ಎರಡು ಫೋನ್‌ಗೆ 4. ಒಟ್ಟು 54. ಇದು ಒಂದು ದಿನದ ಹೊರಹರಿವು. ಕಾಫಿಗೆ ನೀರು ಕಾಯಿಸಲು ಮಾತ್ರ ಗ್ಯಾಸ್ ಸ್ಟೌವ್ ಇಟ್ಟುಕೊಳ್ಳಿ. 1000 ವಾಟ್‌ನ ಕೆಟಲನ್ನು ಇನ್ವರ್ಟರ್‌ಗೆ ಹಾಕಿದರೆ ಬ್ಯಾಟರಿಯಿಂದ 80 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ.

ಇನ್ನೊಂದು ವಿಷಯ. ಕಟ್ಟೆಯ ತಳದ ನೀರನ್ನು ಪೂರ್ತಿ ಬಿಡಲು ಆಗುವುದಿಲ್ಲ ಅಲ್ವಾ, ಬ್ಯಾಟರಿಯಲ್ಲೂ ಹಾಗೇ. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬಾಳಿಕೆ ಕಡಿಮೆ. ಅಂದರೆ 100 ಆಂಪಿಯರ್ ಅವರ್ ಎಂದು ಬರೆದಿದ್ದರೂ ನಮಗೆ ಸಿಗುವುದು 50, ಒಂದು ದಿನಕ್ಕೇ ಸಾಲದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 80ರಿಂದ 90ರವರೆಗೆ ಧೈರ್ಯವಾಗಿ ಬಳಸಬಹುದು.

ಯಾವುದು ಕೊಳ್ಳುವುದು?

ಮನೆ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯನ್ನೇ ಎತ್ತಿಟ್ಟರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ಅದರ ಪ್ಲೇಟ್ ದಪ್ಪ, ಆಳವಾಗಿ ಬಳಸಿದರೂ ತಡೆಯುತ್ತದೆ, ನಿಜ. ಆದರೆ 150 ಆಂಪಿಯರ್ ಅವರ್‌ನದು 50 ಕೆಜಿಗಿಂತ ಜಾಸ್ತಿ ತೂಗುತ್ತದೆ. ಕಲ್ಲು ದಾರಿಯಲ್ಲಿ ಆಸಿಡ್ ತುಳುಕುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಕಿಡಿಗೆ ಹೊತ್ತಿಕೊಳ್ಳುವ ಗಾಳಿ. ಮಕ್ಕಳು ಕೂರುವ ಗಾಡಿಯೊಳಗೆ ಅದನ್ನು ಇಡಲೇಬಾರದು.

ಉಳಿದದ್ದು ಎರಡು. ಎಜಿಎಂ ಕೂಡ ಲೆಡ್ ಆಸಿಡ್ ಬ್ಯಾಟರಿಯೇ, ಆದರೆ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಸೀಲ್ ಆಗಿರುತ್ತದೆ, ರೇಟೂ ಕಡಿಮೆ, ಬಾನೆಟ್ ಕಾವನ್ನು ಸ್ವಲ್ಪ ತಡೆಯುತ್ತದೆ. 100 ಆಂಪಿಯರ್ ಅವರ್‌ನದು 30 ಕೆಜಿ ಹತ್ತಿರ ಬರುತ್ತದೆ. ಲಿಥಿಯಂನದು ಅದರ ಅರ್ಧಕ್ಕಿಂತ ಕಡಿಮೆ. ರೇಟು ಜಾಸ್ತಿ, ಬಾಳಿಕೆಯೂ ಜಾಸ್ತಿ. ವರ್ಷಕ್ಕೆ ಎರಡು ಸಲ, ಒಂದು ರಾತ್ರಿಗಷ್ಟೇ ಹೋಗುವವರಾದರೆ ಎಜಿಎಂ ಸಾಕು. ತಿಂಗಳಿಗೊಮ್ಮೆ ಹೊರಡುವವರು, ಅದರಲ್ಲೂ ಜಿಮ್ನಿ, ಥಾರ್ ಥರ ಡಿಕ್ಕಿ ಚಿಕ್ಕದಿರುವವರು ಲಿಥಿಯಂ ತೆಗೆದುಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಒಳಗೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಇದೆಯಾ, ಅದು ಒಟ್ಟಿಗೆ ಎಷ್ಟು ಆಂಪಿಯರ್ ಎಳೆಯಲು ಬಿಡುತ್ತದೆ ಎಂದು ಕೇಳಿ. ಲಿಥಿಯಂ ಬ್ಯಾಟರಿಯನ್ನು ಬಾನೆಟ್ ಒಳಗೆ ಮಾತ್ರ ಇಡಬೇಡಿ, ಇಂಜಿನ್ ಕಾವು ಅದಕ್ಕೆ ಆಗಿಬರುವುದಿಲ್ಲ.

ಒಳಹರಿವು: ಎಲ್ಲರೂ ಎಡವುವ ಜಾಗ

ಬ್ಯಾಟರಿ ಸಾಲದಾದರೆ ಜನ ಇನ್ನೂ ದೊಡ್ಡದು ತರುತ್ತಾರೆ. ಕಟ್ಟೆ ಎಷ್ಟು ದೊಡ್ಡದಾದರೂ ಹೊಳೆ ಬರದಿದ್ದರೆ ಏನು ಪ್ರಯೋಜನ? ನಾವು ಮೈಸೂರಿನಿಂದ ಮಡಿಕೇರಿಗೆ ಹೋಗುವುದು ಮೂರು ಗಂಟೆಯ ದಾರಿ. ಆ ಮೂರು ಗಂಟೆಯಲ್ಲಿ ಬ್ಯಾಟರಿಗೆ ಎಷ್ಟು ತುಂಬಿತು ಅನ್ನುವುದೇ ಮುಖ್ಯ.

ಹಳೇ ಜೀಪುಗಳಲ್ಲಿ ಡೈನಮೋ 14 ವೋಲ್ಟ್‌ಗಿಂತ ಸ್ವಲ್ಪ ಮೇಲೆ ಒಂದೇ ಸಮ ಕೊಡುತ್ತದೆ. ಅಲ್ಲಿ ಎಜಿಎಂ ಬ್ಯಾಟರಿಗೆ ಒಂದು ಐಸೊಲೇಟರ್ ರಿಲೇ ಸಾಕು. ಇಂಜಿನ್ ಓಡುವಾಗ ಅದು ಎರಡೂ ಬ್ಯಾಟರಿಯನ್ನು ಸೇರಿಸುತ್ತದೆ, ನಿಂತಾಗ ಬೇರೆ ಮಾಡುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಎಷ್ಟೋ ಮಾಡೆಲ್‌ಗಳು ಡೀಸೆಲ್ ಉಳಿಸಲು, ಹೊಗೆ ತಗ್ಗಿಸಲು ಡೈನಮೋ ವೋಲ್ಟೇಜನ್ನು ತಾವೇ ಇಳಿಸುತ್ತವೆ. ಆಗ ಮೂರು ಗಂಟೆ ಗಾಡಿ ಓಡಿದರೂ ಡಿಕ್ಕಿಯ ಬ್ಯಾಟರಿ ಅರೆಹೊಟ್ಟೆ. ಲಿಥಿಯಂನ ತೊಂದರೆ ಇದಕ್ಕೆ ಉಲ್ಟಾ. ನೇರವಾಗಿ ಕೊಟ್ಟರೆ ಸಿಕ್ಕಷ್ಟೂ ಎಳೆದುಕೊಂಡು ಡೈನಮೋವನ್ನೇ ಕಾಯಿಸಿಬಿಡುತ್ತದೆ. ಎರಡಕ್ಕೂ ಮದ್ದು ಡಿಸಿ-ಡಿಸಿ ಚಾರ್ಜರ್. ಡೈನಮೋದಿಂದ ಬಂದದ್ದನ್ನು ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ತಂದು, ಕರೆಂಟಿಗೆ ಮಿತಿ ಹಾಕಿ ಕೊಡುವ ಪೆಟ್ಟಿಗೆ ಅದು. 25 ಆಂಪಿಯರ್‌ನದು ಮೂರು ಗಂಟೆಯಲ್ಲಿ ಲಿಥಿಯಂಗೆ 70 ಆಂಪಿಯರ್ ಅವರ್‌ನಷ್ಟು ತುಂಬುತ್ತದೆ. ಎಜಿಎಂಗೆ ಅಷ್ಟು ಹಿಡಿಸುವುದಿಲ್ಲ. ಕೊನೆಯ ಶೇಕಡ 20 ತುಂಬಲು ಅದಕ್ಕೆ ಗಂಟೆಗಟ್ಟಲೆ ಬೇಕು, ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜರ್ ಹಾಕಿ ತುಂಬಿಸಿ.

ಒಂದೇ ಕಡೆ ಎರಡು ದಿನ ನಿಲ್ಲುವುದಾದರೆ 100 ವಾಟ್ ಸೋಲಾರ್ ಪ್ಯಾನೆಲ್ ಒಳ್ಳೆಯದು. ಬಿಸಿಲಿನ ದಿನ 25ರಿಂದ 30 ಆಂಪಿಯರ್ ಅವರ್ ಬರುತ್ತದೆ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಪ್ಯಾನೆಲ್ಲನ್ನು ಉದ್ದ ವೈರಿನಲ್ಲಿ ಬಿಸಿಲಿಗೆ ಎಳೆಯಿರಿ. ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಕರೆಂಟ್ ಎಷ್ಟು ಇಳಿಯುತ್ತದೆ ಎಂದು ಮೀಟರ್ ಹಿಡಿದು ನೋಡಿ, ಆಶ್ಚರ್ಯವಾಗುತ್ತದೆ.

ವೈರ್, ಲಗ್, ಫ್ಯೂಸ್

ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್, ಹೋಗಿ ಬರುವ ದಾರಿ 10 ಮೀಟರ್ ಎಂದುಕೊಳ್ಳಿ. 25 ಆಂಪಿಯರ್ ಹರಿದರೆ 2.5 ಸ್ಕ್ವೇರ್ ಎಂಎಂ ವೈರ್‌ನಲ್ಲಿ 1.75 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಹೋಗುವುದು ಕಾಲು ವೋಲ್ಟ್ ಚಿಲ್ಲರೆ. ಇಲ್ಲಿ ದುಡ್ಡು ಉಳಿಸಬೇಡಿ.

ಲಗ್, ಅಂದರೆ ವೈರಿನ ತುದಿಗೆ ಕೂರಿಸುವ ಲೋಹದ ಕೊಳವೆ, ಹಾಕುವುದನ್ನು ಪಕ್ಕದಲ್ಲೇ ನಿಂತು ನೋಡಿ. ಲಗ್ ಒಳಗೆ ಎಳೆಗಳೆಲ್ಲ ಹೋಗಬೇಕು, ಒಂದೂ ಹೊರಗೆ ಚಾಚಬಾರದು. ಸುತ್ತಿಗೆಯಲ್ಲಿ ಕುಟ್ಟಿ ಕೂರಿಸುವವರಿದ್ದಾರೆ. ನಮ್ಮ ಮೊದಲ ಲಗ್ಗೂ ಹಾಗೆ ಕುಟ್ಟಿದ್ದೇ. ಅರ್ಧ ಗಂಟೆ ಗಾಡಿ ಓಡಿಸಿ ಮುಟ್ಟಿದರೆ ಬೆರಳು ಸುಡುತ್ತಿತ್ತು, ಸ್ಲೀವ್ ಕಂದಾಗಿತ್ತು. ಕ್ರಿಂಪಿಂಗ್ ಮೆಷಿನ್‌ನಲ್ಲಿ ಒತ್ತಿಸಿ, ಜಗ್ಗಿ ನೋಡಿ, ಆಮೇಲೆ ಸ್ಲೀವ್ ಕಾಯಿಸಿ. ನೀವೂ ಮೊದಲ ಅರ್ಧ ಗಂಟೆಯ ನಂತರ ಎಲ್ಲ ಜಾಯಿಂಟ್ ಮುಟ್ಟಿ. ಬಿಸಿ ಇದ್ದರೆ ಅಲ್ಲಿ ಲೂಸ್ ಇದೆ.

ಫ್ಯೂಸ್ ಎರಡು ಬೇಕು. ಎರಡೂ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ವೈರ್ ಉಜ್ಜಿ ಬಾಡಿಗೆ ತಾಗಿದರೆ ಎರಡೂ ತುದಿಯಿಂದ ಬೆಂಕಿ ಬರಬಹುದು, ಅದಕ್ಕೆ. 25 ಆಂಪಿಯರ್ ಚಾರ್ಜರ್‌ಗೆ 40ರ ಫ್ಯೂಸ್ ಸರಿ. ಹೊಸ ಗಾಡಿಗಳ ಮೈನಸ್ ತುದಿಯಲ್ಲಿ ಸೆನ್ಸರ್ ಇದ್ದರೆ ಅರ್ಥ್ ವೈರನ್ನು ಬ್ಯಾಟರಿ ಮೈನಸ್‌ಗೆ ಕೊಡದೆ ಚಾಸಿಗೆ ಕೊಡಿಸಿ. ಕೆಲಸ ಮಾಡುವಾಗ ಉಂಗುರ, ವಾಚ್ ತೆಗೆದಿಡಿ. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಬ್ಯಾಟರಿಯನ್ನು ನೆಲಕ್ಕೆ ಬೋಲ್ಟ್ ಹಾಕಿಯೇ ಕೂರಿಸಬೇಕು, ಹಗ್ಗ ಸಾಲದು.

ಮಟ್ಟ ನೋಡುವುದು

ಲೆಡ್ ಬ್ಯಾಟರಿಗೆ ಮಲ್ಟಿಮೀಟರ್ ಸಾಕು. ಒಂದೆರಡು ಗಂಟೆ ಏನೂ ಓಡಿಸದೆ ಬಿಟ್ಟು ನೋಡಿ. 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, ಅಲ್ಲಿಗೆ ನಿಲ್ಲಿಸಿ. ಲಿಥಿಯಂನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮುಕ್ಕಾಲು ಖಾಲಿಯಾಗುವವರೆಗೂ ವೋಲ್ಟೇಜ್ 13ರ ಆಸುಪಾಸಿನಲ್ಲೇ ಇರುತ್ತದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಅದಕ್ಕೆ ಶಂಟ್ (ಹರಿಯುವ ಕರೆಂಟನ್ನು ಅಳೆಯುವ ತುಂಡು) ಇರುವ ಮೀಟರ್ ಹಾಕಿಸಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅದು ಎಣಿಸುತ್ತದೆ.

ಈಗ ನಮ್ಮ ಗಾಡಿಯಲ್ಲಿ ಆ ಮೀಟರ್ ಅಪ್ಪನ ಸೀಟಿನ ಪಕ್ಕದಲ್ಲೇ ಇದೆ. ರಾತ್ರಿ ಮಲಗುವ ಮುಂಚೆ, ಬೆಳಿಗ್ಗೆ ಎದ್ದ ಮೇಲೆ ಅವರೇ ಓದಿ ಹೇಳುತ್ತಾರೆ. ಶೇಕಡ 40ಕ್ಕಿಂತ ಕೆಳಗೆ ಬಂದರೆ ಫ್ಯಾನ್ ಬಂದ್. ಫ್ರಿಜ್ ಮಾತ್ರ ಓಡುತ್ತದೆ.

ಮನೆಗೆ ಬಂದ ಮೇಲೆ ಎಜಿಎಂ ಬ್ಯಾಟರಿಯನ್ನು ಅದೇ ದಿನ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಅರೆಬರೆ ಇಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. ಲಿಥಿಯಂ ಆದರೆ ಅರ್ಧದಷ್ಟು ಇಟ್ಟು, ಎಲ್ಲ ಸ್ವಿಚ್ ಆಫ್ ಮಾಡಿ ತಂಪು ಜಾಗದಲ್ಲಿಡಿ. ಹಳೇ ಲೆಡ್ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಒಡೆದು ಆಸಿಡ್ಡನ್ನು ಚರಂಡಿಗೆ ಸುರಿಯುವವರಿದ್ದಾರೆ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ರೇಟಿನಲ್ಲಿ ಹಿಡಿದುಕೊಳ್ಳುತ್ತಾರೆ.