ರ‍್ಯಾಕ್ ಬಿಚ್ಚಿಸುವ ಮೊದಲು ಕಾರಿನ ಕೆಳಗೊಂದು ರಟ್ಟು ಹಾಕಿ

ನಮ್ಮ ಕಾರಿನ ಪವರ್ ಸ್ಟೇರಿಂಗ್ ಆಯಿಲ್ ಸೋರುತ್ತಿದೆ ಅಂತ ಮೊದಲು ಕಂಡುಹಿಡಿದದ್ದು ನಾನಲ್ಲ, ಅಮ್ಮ. ಬೆಳಿಗ್ಗೆ ಅಂಗಳ ತೊಳೆದು ರಂಗೋಲಿ ಹಾಕಲು ಹೋದರೆ, ರಾತ್ರಿ ಕಾರು ನಿಂತಿದ್ದ ಜಾಗದಲ್ಲಿ ಕೆಂಪಗೆ ಜಿಡ್ಡು. "ನಿನ್ನ ಗಾಡಿ ಎಲೆಅಡಿಕೆ ಹಾಕ್ಕೊಂಡು ಉಗುಳ್ತಿದೆ ನೋಡೋ" ಅಂದರು.

ನನ್ನದು 2005ರ ಡೀಸೆಲ್ ಕಾರು. ಅಮ್ಮ ಕಲೆ ನೋಡುವುದಕ್ಕೂ ಎರಡು ವಾರ ಮುಂಚಿನಿಂದಲೇ ತುಮಕೂರಿನ ಶಿರಾ ಗೇಟ್ ಹತ್ತಿರ ಯೂ ಟರ್ನ್ ಹೊಡೆಯುವಾಗ ಬಾನೆಟ್ ಒಳಗಿಂದ 'ಗೊಂಯ್' ಅಂತ ಸದ್ದು ಬರುತ್ತಿತ್ತು. ಬೆಲ್ಟ್ ಇರಬೇಕು ಬಿಡು ಅಂತ ಸುಮ್ನಿದ್ದೆ. ಕಲೆ ಕಂಡ ಮೇಲೆ ಗ್ಯಾರೇಜಿಗೆ ಹೋದರೆ, ಅಲ್ಲಿದ್ದವರು ಬಗ್ಗಿ ಒಂದು ಸಲ ಟಾರ್ಚ್ ಬಿಟ್ಟು, "ಸಾರ್, ರ‍್ಯಾಕ್ ಹೋಗಿದೆ, ಪೂರ್ತಿ ಇಳಿಸ್ಬೇಕು" ಅಂದುಬಿಟ್ಟರು. ರ‍್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ, ಕಾರಿನ ಕೆಳಗೆ ಅಡ್ಡಕ್ಕಿರುವ ಭಾಗ. ಹೇಳಿದ ರೇಟು ಕೇಳಿ ಗಾಡಿ ವಾಪಸ್ ತಂದೆ. ಪಕ್ಕದ ಮನೆಯ ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಭಾನುವಾರ ಇಬ್ಬರೂ ಸೇರಿ ಹುಡುಕಿದಾಗ ಸಿಕ್ಕಿದ್ದು ರಿಟರ್ನ್ ಪೈಪಿನ ಒಂದು ಸಡಿಲ ಕ್ಲಿಪ್, ಅಷ್ಟೇ. ಎಲ್ಲರಿಗೂ ಇಷ್ಟು ಅಗ್ಗದಲ್ಲಿ ಮುಗಿಯುತ್ತದೆ ಅಂತಲ್ಲ. ಆದರೆ ಹುಡುಕುವ ಕೆಲಸವನ್ನು ನೀವೇ ಮಾಡಬಹುದು.

ಮೊದಲು, ನಿಮ್ಮ ಕಾರಿನಲ್ಲಿ ಆ ಆಯಿಲ್ ಇದೆಯಾ?

ಸ್ವಿಫ್ಟ್, ಐ10 ಥರದ ಕಾರುಗಳಲ್ಲಿ ಸ್ಟೇರಿಂಗಿಗೆ ಕರೆಂಟಿನ ಮೋಟಾರ್. ಆಯಿಲ್ಲೇ ಇಲ್ಲ, ಸೋರುವ ಮಾತೂ ಇಲ್ಲ. ಕ್ವಾಲಿಸ್, ಹಳೇ ಸ್ಕಾರ್ಪಿಯೊ, ಪವರ್ ಸ್ಟೇರಿಂಗ್ ಇರುವ ಹಳೇ ಇಂಡಿಕಾ ಇಂಥವುಗಳಲ್ಲಿ ಆಯಿಲ್ ಇರುತ್ತದೆ. ಬಾನೆಟ್ ಎತ್ತಿದರೆ ಚಿಕ್ಕದೊಂದು ಡಬ್ಬಿ, ಅದರ ಮುಚ್ಚಳದ ಮೇಲೆ ಸ್ಟೇರಿಂಗ್ ಚಕ್ರದ ಚಿತ್ರ ಅಥವಾ ಬರಹ ಕಾಣುತ್ತದೆ. ಎಂಜಿನ್ ಬೆಲ್ಟ್‌ನಿಂದ ತಿರುಗುವ ಪಂಪು ಆ ಡಬ್ಬಿಯ ಆಯಿಲ್ ಎಳೆದುಕೊಂಡು, ದಪ್ಪ ಪ್ರೆಷರ್ ಪೈಪಿನಲ್ಲಿ ಕೆಳಗಿನ ರ‍್ಯಾಕ್‌ಗೆ ತಳ್ಳುತ್ತದೆ. ರ‍್ಯಾಕ್‌ನಿಂದ ರಿಟರ್ನ್ ಪೈಪಿನಲ್ಲಿ ಅದು ಮತ್ತೆ ಡಬ್ಬಿಗೆ ಬರುತ್ತದೆ. ಸೋರುವುದಿದ್ದರೆ ಈ ದಾರಿಯಲ್ಲೇ ಎಲ್ಲೋ ಸೋರಬೇಕು.

ಒಂದು ರಾತ್ರಿ ರಟ್ಟು

ಟಿವಿಯದೋ ಫ್ಯಾನಿನದೋ ಖಾಲಿ ಡಬ್ಬ ಬಿಡಿಸಿ ರಟ್ಟನ್ನು ಎಂಜಿನ್ ಕೆಳಗೆ ಹಾಸಿ. ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಅಂತ ಪೆನ್ನಿನಲ್ಲಿ ಗುರುತು ಮಾಡಿ, ಬೆಳಿಗ್ಗೆ ನೋಡಿ. ಕೆಂಪು ಅಥವಾ ಕಂದು, ತೆಳ್ಳಗೆ ಜಾರುವ ಜಿಡ್ಡಾದರೆ ಬಹುತೇಕ ಸ್ಟೇರಿಂಗ್ ಆಯಿಲ್. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ಗೇರ್ ಆಯಿಲ್ಲೂ ಕೆಂಪಗಿರುತ್ತದೆ, ಡಬ್ಬಿಯ ಮಟ್ಟ ಇಳಿದಿದೆಯಾ ಅಂತ ನೋಡಿಯೇ ತೀರ್ಮಾನಿಸಿ. ಕಪ್ಪಗೆ ದಪ್ಪ ಇದ್ದರೆ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ನೀರಿನ ಥರ ಇದ್ದರೆ ಕೂಲೆಂಟ್. ಬರೀ ನೀರಾದರೆ ಎಸಿಯದು, ಮಲಗಿ ನಿದ್ದೆ ಮಾಡಿ.

ತೊಳೆಯದೆ ಹುಡುಕಬೇಡಿ

ಎಲ್ಲರೂ ಎಡವುವುದು ಇಲ್ಲೇ. ಹಳೇ ಹೆಂಚಿನ ಮನೆ ನೆನಪಿಸಿಕೊಳ್ಳಿ: ಹೆಂಚು ಒಡೆದಿರುವುದು ಅಡುಗೆಮನೆ ಮೇಲೆ, ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ. ಕಾರಿನಲ್ಲೂ ಹಾಗೇ. ಮೇಲೆ ಸೋರಿದ ಆಯಿಲ್ ಪೈಪು ಹಿಡಿದು ಇಳಿದು, ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ರ‍್ಯಾಕ್ ಮೇಲೆ ಕೂತಿರುತ್ತದೆ. ಕೆಳಗಿಂದ ನೋಡಿದವರಿಗೆ ರ‍್ಯಾಕ್ಕೇ ಕಳ್ಳ. ನನ್ನ ಗಾಡಿಯಲ್ಲಿ ಆಗಿದ್ದೂ ಇದೇ.

ಎಂಜಿನ್ ತಣ್ಣಗಿದ್ದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಡಬ್ಬಿ, ಪಂಪು, ಪೈಪುಗಳನ್ನು ಶಾಂಪೂ ನೀರು ಮತ್ತು ಹಳೇ ಬ್ರಷ್‌ನಲ್ಲಿ ಉಜ್ಜಿ. ಬಟ್ಟೆಯಲ್ಲಿ ಒಣಗಿಸಿ, ಕವರ್ ತೆಗೆಯಿರಿ. ಡಬ್ಬಿಯಲ್ಲಿ ಆಯಿಲ್ ಗುರುತಿನವರೆಗೂ ಇರಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಈಗ ಒಬ್ಬರು ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಲಿ, ನೀವು ಪಕ್ಕದಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಿ. ತುದಿಯಲ್ಲಿ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದಿಡುವುದು ಬೇಡ, ಪಂಪಿಗೆ ಕಷ್ಟ.

ಕೈ ಮಾತ್ರ ಹಾಕಬೇಡಿ. ಒಂದು, ಬೆಲ್ಟ್ ತಿರುಗುತ್ತಿದೆ. ಎರಡು, ಸ್ಟೇರಿಂಗ್ ತುದಿಗೆ ಹೋದಾಗ ಪ್ರೆಷರ್ ಪೈಪಿನ ಒತ್ತಡ 1000 ಪಿಎಸ್‌ಐ ದಾಟಬಹುದು. ಟೈರಿಗೆ ನಾವು ಹಾಕಿಸುವ ಗಾಳಿ 30ರ ಆಸುಪಾಸು, ಲೆಕ್ಕ ಹಾಕಿ. ಕೂದಲೆಳೆಯಂಥ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ, ಗಾಯ ಚಿಕ್ಕದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಲ್ಲಿ ಒದ್ದೆ, ಅದಕ್ಕೆ ತಕ್ಕ ಮದ್ದು

ಡಬ್ಬಿಯ ಬುಡ ಅಥವಾ ರಿಟರ್ನ್ ಪೈಪಿನ ತುದಿ ಒದ್ದೆಯಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಇಲ್ಲಿ ಒತ್ತಡ ಕಡಿಮೆ. ಗಟ್ಟಿಯಾದ, ಬಿರುಕು ಬಿಟ್ಟ ಪೈಪ್ ತೆಗೆದು ಹೊಸದು ಹಾಕಿ ಸ್ಕ್ರೂ ಕ್ಲಿಪ್ ಬಿಗಿ ಮಾಡಿ. ಆಯಿಲಿಗೆ ಅಂತಲೇ ಮಾಡಿದ ಪೈಪ್ ಕೇಳಿ ತಗೊಳ್ಳಿ. ನೀರಿನ ಪೈಪ್ ಹಾಕಿದರೆ ಕೆಲವೇ ದಿನದಲ್ಲಿ ಊದಿಕೊಂಡು ಮತ್ತೆ ಮೊದಲಿಗೇ ಬರುತ್ತೀರಿ.

ಪ್ರೆಷರ್ ಪೈಪ್ ಹೋಗಿದ್ದರೆ ಕ್ಲಿಪ್ಪು, ಎಂ-ಸೀಲು, ಟೇಪು ಯಾವುದೂ ನಿಲ್ಲಲ್ಲ. ರಬ್ಬರಿಗೆ ಕಬ್ಬಿಣದ ತುದಿ ಒತ್ತಿ ಕೂರಿಸಿರುತ್ತಾರಲ್ಲ, ಸಾಮಾನ್ಯವಾಗಿ ಸೋರುವುದು ಅಲ್ಲೇ. ಹೊಸ ಪೈಪ್ ಸಿಕ್ಕರೆ ಒಳ್ಳೆಯದು. ಹಳೇ ಮಾಡೆಲ್ಲಿಗೆ ಸಿಗದಿದ್ದರೆ ಜೆಸಿಬಿ, ಟ್ರ್ಯಾಕ್ಟರ್ ಹೋಸ್‌ಗಳಿಗೆ ಕ್ರಿಂಪ್ ಮಾಡಿಕೊಡುವ, ಅಂದರೆ ಕಬ್ಬಿಣದ ತುದಿ ಒತ್ತಿ ಕೂರಿಸಿಕೊಡುವ, ಹೈಡ್ರಾಲಿಕ್ ಅಂಗಡಿಗೆ ಹಳೇ ಪೈಪ್ ತಗೊಂಡು ಹೋಗಿ, ಪವರ್ ಸ್ಟೇರಿಂಗಿಗೆ ಅಂತ ಹೇಳಿ ಅದೇ ಉದ್ದಕ್ಕೆ ಮಾಡಿಸಿ. ಜೋಡಿಸುವಾಗ ವಾಷರ್, ಓ-ರಿಂಗ್ (ಜೋಡಣೆಯಲ್ಲಿ ಕೂರುವ ರಬ್ಬರ್ ಬಳೆ) ಹೊಸದೇ ಇರಲಿ.

ಪಂಪಿನ ಪುಲ್ಲಿ (ಬೆಲ್ಟ್ ಕೂರುವ ಗಾಲಿ) ಹಿಂದೆ ಒದ್ದೆಯಾಗಿ, ಸುತ್ತಲೂ ಆಯಿಲ್ ಸಿಡಿದಿದ್ದರೆ ಶಾಫ್ಟ್ ಸೀಲ್, ಅಂದರೆ ಪಂಪಿನ ತಿರುಗುವ ರಾಡಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ, ಹೋಗಿದೆ. ಸೀಲ್ ಕಿಟ್ ಸಿಗುತ್ತದೆ, ಆದರೆ ಇದು ಅನುಭವ ಇರುವವರ ಕೆಲಸ. ಬೆಲ್ಟ್ ಆಯಿಲಿನಲ್ಲಿ ನೆನೆದಿದ್ದರೆ ಅದನ್ನೂ ಬದಲಿಸಿ.

ಇನ್ನು ರ‍್ಯಾಕ್. ಎರಡೂ ಕಡೆ ಮಡಿಕೆ ಮಡಿಕೆಯಾಗಿ ರಬ್ಬರ್ ಬೂಟ್ ಇರುತ್ತದೆ. ಎಂಜಿನ್ ಆಫ್ ಮಾಡಿ, ಕೆಳಗಿನಿಂದ ಅದನ್ನು ಮೆತ್ತಗೆ ಒತ್ತಿ ನೋಡಿ. ಒಳಗೆ ಆಯಿಲ್ ಕುಲುಕಿದರೆ, ಕ್ಲಿಪ್ ಸಡಿಲಿಸಿದಾಗ ಸುರಿದರೆ, ಆಗ ರ‍್ಯಾಕ್ ಸೀಲ್ ಹೋಗಿರುವುದು ನಿಜ. ಬೂಟ್ ಒಳಗೆ ಒಣಗಿದ್ದರೆ ರ‍್ಯಾಕ್ ಇಳಿಸಲು ಬೇಗ ಒಪ್ಪಬೇಡಿ. ಇಳಿಸಲೇಬೇಕಾದರೆ ಸೀಲ್ ಹಾಕುವ ಮುಂಚೆ ಒಳಗಿನ ರಾಡನ್ನು ತೋರಿಸಲು ಹೇಳಿ. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಸೀಲನ್ನೂ ಅದು ತರಿದು ಹಾಕುತ್ತದೆ, ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಕೆಲಸ ಆದಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಸೋರಿಕೆ ನಿಲ್ಲಿಸುವ ಬಾಟಲಿ ಆಯಿಲ್‌ಗಳೂ ಸಿಗುತ್ತವೆ, ಒಣಗಿದ ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತವೆ. ಜಿನುಗುವ ಸೀಲಿಗೆ ಒಂದಷ್ಟು ದಿನ ದೂಡಬಹುದು, ಹರಿದ ಪೈಪಿಗೆ ಏನೂ ಆಗಲ್ಲ. ನಾನಂತೂ ಹಾಕಲ್ಲ.

ಆಯಿಲ್ ತುಂಬಿ ಗಾಳಿ ತೆಗೆಯುವುದು

ಯಾವ ಆಯಿಲ್ ಅಂತ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಹಳೇ ಗಾಡಿಗಳಲ್ಲಿ ಎಷ್ಟೋ ಡೆಕ್ಸ್ರಾನ್ ಎಟಿಎಫ್ (ಆಟೊಮ್ಯಾಟಿಕ್ ಗೇರಿಗೆ ಹಾಕುವ ಆಯಿಲ್) ಕೇಳುತ್ತವೆ, ಹೋಂಡಾ ಕಾರುಗಳಿಗೆ ಅವರದೇ ಬೇರೆ ಆಯಿಲ್. ಬ್ರೇಕ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಸೀಲ್‌ಗಳೆಲ್ಲ ಹಾಳಾಗುತ್ತವೆ.

ಮುಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ ಜೋಡಿಸುವ ಸಾಹಸ ಬೇಡ. ಡಬ್ಬಿ ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಟೇರಿಂಗನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಸ್ಟೇರಿಂಗ್ ಲಾಕ್ ಬೀಳದ ಹಾಗೆ ಕೀ ಒಂದು ಹಂತ ತಿರುಗಿಸಿಟ್ಟಿರಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ನಿಧಾನ ತಿರುಗಿಸಿ. ಆಯಿಲ್ ಹಾಲಿನ ನೊರೆಯಂತೆ ಆದರೆ ಗಾಳಿ ಇನ್ನೂ ಇದೆ, ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿ. ಆ 'ಗೊಂಯ್' ಸದ್ದು ಬರುವುದು ಈ ಗಾಳಿಯಿಂದಲೇ.

ರಿಪೇರಿ ಆಗುವ ತನಕ ಓಡಿಸಬಹುದಾ ಅಂತ ಕೇಳುತ್ತೀರಿ. ಆಯಿಲ್ ಪೂರ್ತಿ ಹೋದರೂ ಚಕ್ರ ತಿರುಗುತ್ತದೆ, ಆದರೆ ಬಿ.ಎಚ್. ರೋಡಿನ ಟ್ರಾಫಿಕ್ಕಿನಲ್ಲಿ ತೋಳು ಬಿದ್ದುಹೋಗುತ್ತದೆ, ಒಣಗಿದ ಪಂಪು ಸವೆದು ಕೂರುತ್ತದೆ. ಹನಿ ಹನಿ ಜಿನುಗುತ್ತಿದ್ದರೆ ದಿನಾ ಮಟ್ಟ ನೋಡಿಕೊಂಡು ಊರೊಳಗೆ ಓಡಾಡಿ. ಸೈಲೆನ್ಸರ್ ಪೈಪಿನ ಕಡೆಗೆ ಚಿಮ್ಮುತ್ತಿದ್ದರೆ ಗಾಡಿ ಮುಟ್ಟಲೇಬೇಡಿ, ಕಾದ ಕಬ್ಬಿಣಕ್ಕೆ ಬಿದ್ದರೆ ಬೆಂಕಿ ಹತ್ತಬಹುದು.

ನಾವು ಕ್ಲಿಪ್ ಹಾಕಿದ ಸಂಜೆ ದೇವರಾಯನದುರ್ಗದ ತಿರುವುಗಳನ್ನು ಒಂದು ಸುತ್ತು ಹತ್ತಿ ಇಳಿದು, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದೆವು. ರಾತ್ರಿ ಮತ್ತೆ ರಟ್ಟು ಹಾಸಿದೆ. ಬೆಳಿಗ್ಗೆ ಕೆಂಪು ಇರಲಿಲ್ಲ. ಮೂಲೆಯಲ್ಲಿ ಒಂದು ಕಪ್ಪು ಚುಕ್ಕಿ ಇತ್ತು, ಅಮ್ಮನಿಗೆ ಇನ್ನೂ ತೋರಿಸಿಲ್ಲ.